ಅಲ್ಪವಿರಾಮ ಎಲ್ಲಿ? ಲಾವೋತ್ಸುವಿನ ಮೊದಲ ಪದ್ಯದಲ್ಲಿ ಬಯಕೆ ಮತ್ತು ಕಾರಿರುಳು

ಪ್ರಾಚೀನ ಚೀನದ ಚಿಂತಕ ಲಾವೋತ್ಸುವಿನದೆನ್ನುವ 'ದಾವ್ ದ ಜಿಂಗ್' ಸುಮಾರು 5000 ಅಕ್ಷರಗಳ, 81 ಅಧ್ಯಾಯಗಳ ಪುಟ್ಟ ಗ್ರಂಥ. ಅದರ ಮೊದಲ ಅಧ್ಯಾಯಕ್ಕೆ 59 ಅಕ್ಷರ. ಹಳೆಯ ಚೀನೀ ಬರಹದಲ್ಲಿ ಒಂದು ಅಕ್ಷರವೆಂದರೆ ಹೆಚ್ಚುಕಡಿಮೆ ಒಂದು ಪದ. ಈ 59 ಪದಗಳ ನಡುವೆ 15 ಪದಗಳ ಒಂದು ಜೋಡಿ ಸಾಲಿದೆ. ಬಯಕೆಯ ಮಾತು ಬರುವುದು ಅಲ್ಲಿ. ಎರಡು ಸಾವಿರ ವರ್ಷಗಳಿಂದ ವ್ಯಾಖ್ಯಾನಕಾರರು ಬೇರೆಬೇರೆ ದಿಕ್ಕು ಹಿಡಿದದ್ದೂ ಅಲ್ಲಿಯೇ. ಕನ್ನಡಕ್ಕೆ ತರಲು ಕೂತವರ ಕೈ ಮೊದಲು ತಡವರಿಸುವುದೂ ಅಲ್ಲಿಯೇ.

ಇಂದಿನ ಚೀನೀ ಉಚ್ಚಾರಣೆಯಲ್ಲಿ ಆ ಸಾಲುಗಳು ಹೀಗಿವೆ:

ಗೂ ಚಾಂಗ್ ವೂ ಯೂ ಇ ಗ್ವಾನ್ ಚೀ ಮ್ಯಾವ್
ಚಾಂಗ್ ಯೋ ಯೂ ಇ ಗ್ವಾನ್ ಚೀ ಜ್ಯಾವ್

ಪದಕ್ಕೆ ಪದ ಇಟ್ಟರೆ ಮೊದಲ ಸಾಲು: ಆದ್ದರಿಂದ, ಸದಾ, ಇಲ್ಲ, ಬಯಕೆ, ಅದರಿಂದ, ನೋಡು, ಅದರ, ಸೂಕ್ಷ್ಮ. ಎರಡನೆಯದು: ಸದಾ, ಉಂಟು, ಬಯಕೆ, ಅದರಿಂದ, ನೋಡು, ಅದರ, ಅಂಚು. ಮೊದಲಿನ 'ಆದ್ದರಿಂದ' ತೆಗೆದರೆ ಎರಡು ಸಾಲಿಗೂ ಇರುವ ವ್ಯತ್ಯಾಸ ಎರಡೇ ಪದಗಳದ್ದು: ಇಲ್ಲ ಹೋಗಿ ಉಂಟು ಬರುತ್ತದೆ, ಸೂಕ್ಷ್ಮ ಹೋಗಿ ಅಂಚು ಬರುತ್ತದೆ. ಕರ್ತೃ ಇಲ್ಲ, ಕಾಲ ಇಲ್ಲ, ಲಿಂಗ ವಚನ ಇಲ್ಲ. ಇಂದಿನಂಥ ವಿರಾಮಚಿಹ್ನೆಯಂತೂ ಹಳೆಯ ಚೀನೀ ಬರಹದಲ್ಲಿ ಇರಲೇ ಇಲ್ಲ.

ತೊಡಕು ಶುರುವಾಗುವುದು ಈ ಕೊನೆಯ ಸಂಗತಿಯಿಂದ. ಉಸಿರು ಎಲ್ಲಿ ನಿಲ್ಲಿಸಬೇಕು?

ಕ್ರಿ.ಶ. 226ರಿಂದ 249ರವರೆಗೆ ಬದುಕಿದ್ದ, ಇಪ್ಪತ್ತಮೂರಕ್ಕೇ ತೀರಿಕೊಂಡ ವಾಂಗ್ ಬಿ ಎಂಬ ತರುಣ ಬರೆದ ಟೀಕೆ ಇಂದಿಗೂ ಈ ಗ್ರಂಥದ ಮುಖ್ಯ ಟೀಕೆ. ಅವನು ನಿಲ್ಲಿಸಿದ್ದು 'ಯೂ' ಆದಮೇಲೆ: 'ಸದಾ ಬಯಕೆಯಿಲ್ಲದೆ, ಅದರಿಂದ ಸೂಕ್ಷ್ಮವನ್ನು ನೋಡು.' ಹನ್ನೊಂದನೆಯ ಶತಮಾನದಲ್ಲಿ ಸೋಂಗ್ ಸಾಮ್ರಾಜ್ಯದ ಮಂತ್ರಿ ವಾಂಗ್ ಆನ್‌ಶಿ ಒಂದು ಪದ ಹಿಂದೆ ಸರಿದು 'ವೂ' ಆದಮೇಲೆ ನಿಲ್ಲಿಸಿದ. ರಾಜಕೀಯದಲ್ಲಿ ಅವನ ಕಡು ವಿರೋಧಿಯಾಗಿದ್ದ ಸಿಮಾ ಗ್ವಾಂಗ್ ಕೂಡ ಇಲ್ಲಿ ಅವನ ಜೊತೆಗೇ ನಿಂತ. ಆಗ ಸಾಲು ಹೀಗಾಗುತ್ತದೆ: 'ಸದಾ ಇರುವ ಇಲ್ಲದಲ್ಲಿ, ಅದರ ಸೂಕ್ಷ್ಮವನ್ನು ನೋಡಬಯಸು, ಸದಾ ಇರುವ ಉಂಟಿನಲ್ಲಿ, ಅದರ ಅಂಚನ್ನು ನೋಡಬಯಸು.' ಒಂದು ಅಲ್ಪವಿರಾಮ ಒಂದು ಪದದಷ್ಟು ಸರಿದದ್ದಕ್ಕೆ ಬಯಕೆಯ ಪ್ರಶ್ನೆಯೇ ಕಾಣೆಯಾಯಿತು! 'ಯೂ' ನಾಮಪದವಾಗಿದ್ದದ್ದು 'ನೋಡಬಯಸು' ಎನ್ನುವಲ್ಲಿನ ಸಹಾಯಕ್ಕೆ ಇಳಿಯಿತು. ಉಳಿದದ್ದು ಇರುವಿಕೆ ಮತ್ತು ಇಲ್ಲದಿರುವಿಕೆಯ ತತ್ತ್ವಚರ್ಚೆ.

ವಾಂಗ್ ಆನ್‌ಶಿಯ ಓದನ್ನು ಒಪ್ಪುವವರ ವಾದ ಹಗುರವಾದದ್ದಲ್ಲ. 'ಸದಾ ಬಯಕೆಯಿಲ್ಲದೆ', 'ಸದಾ ಬಯಕೆಯಿಂದ' ಎಂಬ ಎರಡೂ ಒಬ್ಬನಲ್ಲೇ ಹೇಗೆ ನಿಲ್ಲುತ್ತವೆ? ಬಯಕೆ ಬೇಡವೆಂದು ಮತ್ತೆಮತ್ತೆ ಹೇಳುವ ಗ್ರಂಥ ಸದಾ ಬಯಸುತ್ತಿರು ಎನ್ನುತ್ತದೆಯೇ? ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದಕ್ಕೆ ಮಣ್ಣಿನಡಿಯಿಂದ ಉತ್ತರ ಬಂದಿದೆ.

1973ರಲ್ಲಿ ಹುನಾನ್ ಪ್ರಾಂತ್ಯದ ಚಾಂಗ್‌ಶಾ ನಗರದ ಮಾವಾಂಗ್‌ದುಯ್ ಎಂಬಲ್ಲಿ, ಕ್ರಿ.ಪೂ. 168ರಲ್ಲಿ ಮುಚ್ಚಿದ ಒಂದು ಗೋರಿಯಲ್ಲಿ ರೇಷ್ಮೆಯ ಮೇಲೆ ಬರೆದ ಎರಡು ಪ್ರತಿಗಳು ಸಿಕ್ಕವು. ಅವುಗಳಲ್ಲಿ 'ಯೆ' ಎಂಬ ಒಂದು ಪುಟ್ಟ ಅವ್ಯಯ ಧಾರಾಳವಾಗಿ ಬರುತ್ತದೆ. ವಾಕ್ಯಭಾಗ ಮುಗಿಯಿತು ಎಂದು ತೋರಿಸುವುದು ಅದರ ಕೆಲಸ. ಮುಂದಿನ ಶತಮಾನಗಳ ನಕಲುಗಾರರು ಇಂಥ ಅವ್ಯಯಗಳನ್ನು ಉದುರಿಸಿಬಿಟ್ಟರು. ಅದಕ್ಕೇ ಈಗ ಬಳಕೆಯಲ್ಲಿರುವ ಪಾಠ ಅಷ್ಟು ಬಿಗಿ, ಅಷ್ಟು ಮಬ್ಬು. ಮಾವಾಂಗ್‌ದುಯ್ ಪ್ರತಿಯಲ್ಲಿ ಸಾಲು 'ವೂ ಯೂ ಯೆ' ಎಂದು ನಿಲ್ಲುತ್ತದೆ, ಮುಂದಿನದು 'ಯೋ ಯೂ ಯೆ' ಎಂದು. ಅಂದರೆ ಬಯಕೆ ಹಿಂದಿನ ತುಣುಕಿಗೆ ಸೇರಿದ್ದು. 'ನೋಡಬಯಸು' ಎಂದು ಓದಲು ದಾರಿಯಿಲ್ಲ. ಇನ್ನೊಂದು ಸಾಕ್ಷಿ ಗ್ರಂಥದ ಒಳಗೇ ಇದೆ. 34ನೆಯ ಅಧ್ಯಾಯದಲ್ಲಿ ಇದೇ 'ಚಾಂಗ್ ವೂ ಯೂ' ಮತ್ತೆ ಬರುತ್ತದೆ, ಅಲ್ಲಿ ಅದನ್ನು 'ಸದಾ ಬಯಕೆಯಿಲ್ಲದ್ದು' ಎಂದು ಬಿಟ್ಟು ಬೇರೆ ರೀತಿ ಓದುವುದು ಬಹಳ ಕಷ್ಟ. ವಾಂಗ್ ಆನ್‌ಶಿಯ ಓದು ಚೀನೀ ಚಿಂತನೆಯ ಇತಿಹಾಸದ ಸುಂದರ ಅಧ್ಯಾಯವೇ ಸರಿ. ಆದರೂ ಹಳೆಯ ಪದ್ಯವನ್ನು ಅನುವಾದಿಸುವವರು ವಾಂಗ್ ಬಿ ನಿಲ್ಲಿಸಿದಲ್ಲೇ ನಿಲ್ಲಿಸಬೇಕು.

ಹಾಗಾಗಿ ಅನುವಾದದ ಮೊದಲ ಕೆಲಸ ನಿಘಂಟು ತೆರೆಯುವುದಲ್ಲ, ಯಾವ ಪಾಠವನ್ನು ಅನುವಾದಿಸುತ್ತಿದ್ದೇವೆ ಎಂದು ಬರೆದಿಟ್ಟುಕೊಳ್ಳುವುದು. ಬಳಕೆಯ ಪಾಠದ ಒಂದು ಸಾಲು, ರೇಷ್ಮೆ ಪ್ರತಿಯ ಒಂದು ಸಾಲು ಸದ್ದಿಲ್ಲದೆ ಬೆರೆಸಿದರೆ ಎಲ್ಲೂ ಇಲ್ಲದ ಮೂರನೆಯ ಪದ್ಯ ಹುಟ್ಟುತ್ತದೆ. ಪಾಠಗಳ ವ್ಯತ್ಯಾಸಕ್ಕೆ ಕೆಲವೊಮ್ಮೆ ಅರಮನೆಯೂ ಕಾರಣ. ರೇಷ್ಮೆ ಪ್ರತಿಗಳಲ್ಲಿ 'ಚಾಂಗ್' ಎಂಬಲ್ಲಿ 'ಹಂಗ್' ಎಂದಿದೆ. ಕ್ರಿ.ಪೂ. 180ರಿಂದ 157ರವರೆಗೆ ಆಳಿದ ಹಾನ್ ಚಕ್ರವರ್ತಿ ವೆನ್‌ನ ಹೆಸರು ಲಿಯು ಹಂಗ್. ದೊರೆಯ ಹೆಸರಿನ ಅಕ್ಷರ ಬರೆಯಬಾರದೆಂಬ ನಿಷೇಧದಿಂದ 'ಹಂಗ್' ಇದ್ದಲ್ಲೆಲ್ಲ 'ಚಾಂಗ್' ಬಂತು. ಎರಡಕ್ಕೂ 'ಸ್ಥಿರ, ಸದಾ' ಎಂಬ ಅರ್ಥವಿದ್ದರೂ 'ಚಾಂಗ್'ಗೆ 'ಸಾಮಾನ್ಯ, ದಿನನಿತ್ಯದ' ಎಂಬ ಅರ್ಥವೂ ಅಂಟಿಕೊಂಡಿದೆ. ಪದ್ಯದ ಮೊದಲ ಸಾಲಿನ 'ಸದಾ ಇರುವ ದಾರಿಯಲ್ಲ' ಎಂಬುದನ್ನು 'ಸಾಮಾನ್ಯ ದಾರಿಯಲ್ಲ' ಎಂದು ಓದಿದವರೆಲ್ಲ ಸಿಕ್ಕಿಬಿದ್ದದ್ದು ಈ ಅರ್ಥದಲ್ಲಿ. ಹಾಗೆಯೇ ಚಿಂಗ್ ಕಾಲದ ಕಾಂಗ್‌ಶಿ ಚಕ್ರವರ್ತಿಯ ಹೆಸರಿನಲ್ಲಿ, ನಮ್ಮ ಪದ್ಯದ ಕೊನೆಯಲ್ಲಿ ಬರುವ 'ಶ್ವೆನ್' (ಕಪ್ಪು, ಗಾಢ) ಅಕ್ಷರವಿದ್ದುದರಿಂದ ಆ ಕಾಲದ ಮುದ್ರಣಗಳಲ್ಲಿ ಅದರ ಬದಲು 'ಯ್ವೆನ್' (ಮೂಲ) ಕಾಣಬಹುದು. ಗೊತ್ತಿಲ್ಲದೆ ಅಂಥ ಪ್ರತಿ ಹಿಡಿದರೆ ಕತ್ತಲಿನ ಪದ್ಯ ಮೂಲತತ್ತ್ವದ ಪದ್ಯವಾಗಿಬಿಡುತ್ತದೆ.

ವಿರಾಮ ಗೊತ್ತಾಯಿತು. ಈಗ ಆ ಎರಡು ಸಾಲು ಒಂದಕ್ಕೊಂದು ಏನಾಗಬೇಕು?

ಅನುವಾದಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇಲ್ಲಿದೆ. 'ಬಯಕೆಯಿಲ್ಲದವನಿಗೆ ರಹಸ್ಯ ಕಾಣುತ್ತದೆ, ಆದರೆ ಬಯಕೆಯುಳ್ಳವನಿಗೆ ಹೊರಗಿನದು ಮಾತ್ರ ಕಾಣುತ್ತದೆ' ಎಂದು ಬರೆದುಬಿಡುತ್ತಾರೆ. ಓದಲು ಸುಲಲಿತ, ನಮ್ಮ ಕಿವಿಗೆ ಪರಿಚಿತ. ಆದರೆ ಮೂಲದಲ್ಲಿ 'ಆದರೆ' ಇಲ್ಲ. 'ಮಾತ್ರ' ಇಲ್ಲ. 'ಉಳ್ಳವನು' ಕೂಡ ಇಲ್ಲ. ಎರಡೂ ಸಾಲು ಒಂದೇ ಅಚ್ಚಿನವು; ಒಂದನ್ನು ಹೊಗಳಿ ಇನ್ನೊಂದನ್ನು ತೆಗಳುವ ಗುರುತು ವ್ಯಾಕರಣದಲ್ಲಿ ಎಳ್ಳಷ್ಟೂ ಇಲ್ಲ. ಮುಂದಿನ ಸಾಲಂತೂ 'ಈ ಎರಡೂ ಒಟ್ಟಿಗೆ ಹೊರಟವು' ಎನ್ನುತ್ತದೆ. ತೆಗಳಿದ್ದಾದರೆ ಅದನ್ನು ಜೊತೆಗೇ ಕೂರಿಸುವುದೇಕೆ?

ಹಳೆಯ ಟೀಕಾಕಾರರು ಈ ಬಗ್ಗೆ ನಮಗಿಂತ ಉದಾರಿಗಳು. ಬಯಕೆಯಿಲ್ಲದೆ ಬರಿದಾಗಿದ್ದರೆ ವಸ್ತುಗಳು ಶುರುವಾಗುವ ಸೂಕ್ಷ್ಮವನ್ನು ನೋಡಬಹುದು, ಬಯಕೆಯಿದ್ದಾಗ ಅವು ಹೋಗಿ ಮುಟ್ಟುವ ಕೊನೆಯನ್ನು ನೋಡಬಹುದು ಎನ್ನುತ್ತಾನೆ ವಾಂಗ್ ಬಿ. ಮೊದಲೂ ಬೇಕು, ಕೊನೆಯೂ ಬೇಕು. ಹೆಶಾಂಗ್ ಗೋಂಗ್ ಎಂಬ ಹೆಸರಿನಲ್ಲಿ ಬಂದಿರುವ ಟೀಕೆ ಬಯಕೆಯುಳ್ಳವನಿಗೆ ಕಾಣುವುದು ಲೋಕರೂಢಿ ಹೋಗುವ ದಿಕ್ಕು ಎಂದು ತುಸು ಕೆಳಗಿಡುತ್ತದೆ ನಿಜ. ಆದರೆ ಮರುಕ್ಷಣವೇ ಇಬ್ಬರೂ ಆಕಾಶದಿಂದಲೇ ಉಸಿರು ಪಡೆದವರು ಎಂದು ಸೇರಿಸುತ್ತದೆ. 'ಈ ಎರಡು' ಅಂದರೆ ಯಾವ ಎರಡು ಎಂಬಲ್ಲೂ ಇವು ಒಪ್ಪುವುದಿಲ್ಲ: ವಾಂಗ್ ಬಿಗೆ ಅವು ಹಿಂದಿನ ಸಾಲುಗಳಲ್ಲಿ ಬರುವ 'ಮೊದಲು' ಮತ್ತು 'ತಾಯಿ', ಹೆಶಾಂಗ್ ಗೋಂಗ್‌ಗೆ ಬಯಕೆಯಿರುವುದು ಮತ್ತು ಇಲ್ಲದಿರುವುದು. ಕನ್ನಡದಲ್ಲಿ 'ಈ ಎರಡೂ' ಎಂದಷ್ಟೇ ಬಿಟ್ಟರೆ ಎರಡು ಓದಿಗೂ ಜಾಗ ಉಳಿಯುತ್ತದೆ. ಬಿಡಿಸಿ ಹೇಳುವ ಆಸೆಯನ್ನು ಇಲ್ಲಿ ತಡೆಯಬೇಕು.

ಬಯಕೆಯ ಬಗ್ಗೆ ಲಾವೋತ್ಸುವಿನ ನಿಲುವು ತಿಳಿಯಲು ಉಳಿದ ಅಧ್ಯಾಯಗಳನ್ನೂ ಪಕ್ಕದಲ್ಲಿಟ್ಟುಕೊಳ್ಳಬೇಕು. 3ನೆಯದು ಆಳುವವನಿಗೆ ಹೇಳಿದ್ದು: ಬಯಕೆ ಹುಟ್ಟಿಸುವಂಥದ್ದನ್ನು ತೋರಿಸದಿದ್ದರೆ ಜನರ ಮನಸ್ಸು ಕದಡುವುದಿಲ್ಲ. 57ರಲ್ಲಿ ಜ್ಞಾನಿ ದೊರೆ ಹೇಳುತ್ತಾನೆ, ನನಗೆ ಬಯಕೆಯಿಲ್ಲ, ಜನ ತಾವಾಗಿಯೇ ಕೆತ್ತದ ದಿಮ್ಮಿಯಂತಾಗುತ್ತಾರೆ. ಇದು ಕಾಡಿಗೆ ಹೋದ ಸನ್ಯಾಸಿಯ ವೈರಾಗ್ಯವಲ್ಲ. ಅಧಿಕಾರ ಕೈಯಲ್ಲಿರುವವನು ಕೈ ಬಿಗಿಹಿಡಿಯುವ ಶಿಸ್ತು. ಇನ್ನು 64ರಲ್ಲಿ ಬರುವ 'ಯೂ ಬೂ ಯೂ' ಎಂಬ ಮೂರು ಪದ ನೋಡಿ: 'ಬಯಸದಿರುವುದನ್ನು ಬಯಸುತ್ತಾನೆ.' ಬಯಕೆ ಬಿಡಬೇಕೆಂಬುದೂ ಒಂದು ಬಯಕೆಯೇ ಎಂಬ ಅರಿವು ಅಲ್ಲಿದೆ. ಹೆಶಾಂಗ್ ಗೋಂಗ್ ಟೀಕೆಯ ಪ್ರಕಾರ ಇದರರ್ಥ 'ಬೇರೆಯವರು ಬಯಸದ್ದನ್ನು ಬಯಸುತ್ತಾನೆ'. ಈ ಸಾಲು 1993ರಲ್ಲಿ ಹುಬೆ ಪ್ರಾಂತ್ಯದ ಗ್ವೋದಿಯನ್‌ನಲ್ಲಿ ಸಿಕ್ಕ, ಕ್ರಿ.ಪೂ. 300ರ ಆಸುಪಾಸಿನ ಬಿದಿರುಪಟ್ಟಿಗಳಲ್ಲೂ ಇದೆ. ನಮ್ಮ ಮೊದಲ ಅಧ್ಯಾಯ ಆ ಪಟ್ಟಿಗಳಲ್ಲಿಲ್ಲ.

ಆ ಮೂರು ಪದಗಳೇ ಕನ್ನಡ ಪದದ ಆಯ್ಕೆಗೂ ಒರೆಗಲ್ಲು. 'ಯೂ' ಅಲ್ಲಿ ಕ್ರಿಯಾಪದ, ಮೊದಲ ಅಧ್ಯಾಯದಲ್ಲಿ ನಾಮಪದ. ನಮಗೆ ಎರಡೂ ಆಗಬಲ್ಲ ಬೇರು ಬೇಕು. 'ಕಾಮ' ಎಂದರೆ ಓದುಗರ ಮನಸ್ಸು ಅರಿಷಡ್ವರ್ಗಕ್ಕೆ ಹೋಗುತ್ತದೆ. 'ನಿಷ್ಕಾಮ' ಎಂದರೆ ನೇರ ಗೀತೆಗೆ, ಕರ್ಮಫಲಕ್ಕೆ. ಲಾವೋತ್ಸು ಕರ್ಮಫಲದ ಮಾತನ್ನೇ ಎತ್ತುವುದಿಲ್ಲ. 'ಆಸೆ' ಎಂದ ಕೂಡಲೇ ಅಲ್ಲಮನ 'ಮನದ ಮುಂದಣ ಆಸೆಯೆ ಮಾಯೆ' ಕಿವಿಯಲ್ಲಿ ಮೊಳಗುತ್ತದೆ, ತೀರ್ಪು ಆಗಲೇ ಬಂದಿರುತ್ತದೆ. 'ಬಯಸು, ಬಯಕೆ' ಈ ಕೆಲಸಕ್ಕೆ ಸರಿ. ನಾಮಪದವೂ ಇದೆ, ಕ್ರಿಯೆಯೂ ಇದೆ, ಪಾಪದ ವಾಸನೆಯಿಲ್ಲ. ಬಸುರಿಯ ಬಯಕೆ ಎನ್ನುವ ನಮ್ಮ ಮನೆಮಾತಿನಲ್ಲಿ ಬಯಕೆಯೆಂದರೆ ಒಳಗೊಂದು ಜೀವ ಬೆಳೆಯುತ್ತಿರುವುದರ ಗುರುತು. ಹಿಂದಿನ ಸಾಲಿನಲ್ಲೇ 'ಹೆಸರುಂಟು: ಎಲ್ಲ ವಸ್ತುಗಳ ತಾಯಿ' ಎಂದು ಬಂದಿರುವಾಗ ಈ ನೆನಪು ಪದ್ಯಕ್ಕೆ ಹೊರಗಿನದೇನಲ್ಲ.

ಕನ್ನಡಕ್ಕೆ ಇನ್ನೂ ದೊಡ್ಡ ಅನುಕೂಲವೊಂದಿದೆ. ಇಂಗ್ಲಿಷಿನ ಮೂಲಕ ಅನುವಾದಿಸುವವರು ಅದನ್ನು ಕೈಯಾರೆ ಕಳೆದುಕೊಳ್ಳುತ್ತಾರೆ. ಹಳೆಯ ಚೀನೀಯಲ್ಲಿ ನಿಷೇಧ ಒಂದೇ ಬಗೆಯದಲ್ಲ. 'ಫೇ' ಎಂದರೆ ಇದು ಅದಲ್ಲ. 'ವೂ' ಎಂದರೆ ಇಲ್ಲ. 'ಬೂ' ಕ್ರಿಯೆಯನ್ನು ತಡೆಯುತ್ತದೆ. ಇಂಗ್ಲಿಷ್ ಇವನ್ನೆಲ್ಲ ಹೆಚ್ಚುಕಡಿಮೆ ಒಂದೇ ಪುಟ್ಟ ಪದದಲ್ಲಿ ಮುಗಿಸುತ್ತದೆ. ಕನ್ನಡದಲ್ಲಿ ಅಲ್ಲ, ಇಲ್ಲ, ಬಯಸದೆ ಎಂದು ಮೂರೂ ಬೇರೆಬೇರೆಯಾಗಿ ಕೂತಿವೆ. 'ಸದಾ ಇರುವ ದಾರಿಯಲ್ಲ' ಎಂಬಲ್ಲಿ ಅಲ್ಲ, 'ಹೆಸರಿಲ್ಲ' ಎಂಬಲ್ಲಿ ಇಲ್ಲ. 'ಯೋ' ಎಂಬುದಕ್ಕೂ 'ಇದೆ' ಮತ್ತು 'ನನ್ನ ಬಳಿ ಇದೆ' ಎಂಬ ಎರಡು ಅರ್ಥ, ನಮ್ಮ 'ಉಂಟು'ವಿಗೂ ಅದೇ. ಆದ್ದರಿಂದ 'ವೂ' ಎಂಬಲ್ಲಿ 'ಶೂನ್ಯ', 'ಬಯಲು' ಎಂದು ಬರೆಯುವ ಅಗತ್ಯವಿಲ್ಲ. ಶೂನ್ಯ ಒಂದು ವಸ್ತುವಿನಂತೆ ನಿಲ್ಲುತ್ತದೆ, ಬಯಲು ವಚನಗಳ ಲಿಂಗಾನುಭವವನ್ನು ಹೊತ್ತು ತರುತ್ತದೆ. 'ಇಲ್ಲ' ಎಂಬ ಬಡ ಪದವೇ ಲಾವೋತ್ಸುವಿಗೆ ಹತ್ತಿರ.

ಕರ್ತೃವಿಲ್ಲದ ಕ್ರಿಯೆಗೂ ನಮ್ಮಲ್ಲಿ ಉಪಾಯವಿದೆ. 'ನೋಡು' ಎಂದರೆ ಎದುರಿಗೊಬ್ಬ ಶಿಷ್ಯ ಬಂದು ಕೂರುತ್ತಾನೆ. 'ನೋಡುತ್ತಾನೆ' ಎಂದರೆ ಗಂಡಸೊಬ್ಬ ನುಸುಳುತ್ತಾನೆ. 'ಸಾಲಿನಲ್ಲಿ ನಿಲ್ಲುವುದು' ಎಂದು ಫಲಕಗಳಲ್ಲಿ ಬರೆಯುವ ರೂಪ ನೆನೆಯಿರಿ: ಅದು ಹೇಳಿಕೆಯೂ ಹೌದು, ಸೂಚನೆಯೂ ಹೌದು, ಯಾರಿಗೆಂದು ಹೇಳುವುದಿಲ್ಲ. 'ನೋಡುವುದು' ಎಂದರೆ ಮೂಲದ ಅಸ್ಪಷ್ಟತೆ ಹಾಗೇ ಉಳಿಯುತ್ತದೆ. 'ಕಾಣುವುದು' ಬೇಡ; 'ಗ್ವಾನ್' ಬೇಕೆಂದು ನಿಂತು ನೋಡುವ ನೋಟ, ತಾನಾಗಿ ಕಣ್ಣಿಗೆ ಬೀಳುವುದಲ್ಲ.

'ಮ್ಯಾವ್' ಎಂಬುದನ್ನು ವಾಂಗ್ ಬಿ 'ಸಣ್ಣದರ ತುತ್ತತುದಿ' ಎಂದು ವಿವರಿಸುತ್ತಾನೆ. ರೇಷ್ಮೆ ಪ್ರತಿಯಲ್ಲಿರುವ ಅಕ್ಷರಕ್ಕೂ ಅರ್ಥ 'ಅತಿ ಚಿಕ್ಕ' ಎಂದೇ. ಮುಂದೆ ಇದಕ್ಕೆ ಬೆರಗು, ಸೊಗಸು ಎಂಬ ಅರ್ಥಗಳೂ ಸೇರಿದವು. ಹಳೆಯ ಉಚ್ಚಾರಣೆಯಲ್ಲಿ ಮ್ಯಾವ್, ಜ್ಯಾವ್ ಪ್ರಾಸವಾಗುತ್ತಿದ್ದವು. ಅದನ್ನು ಉಳಿಸಲು 'ಎಳೆ, ಎಲ್ಲೆ' ಎಂಬ ಜೋಡಿ ಬಹಳ ಸೆಳೆಯುತ್ತದೆ: ಬಯಕೆಯಿಲ್ಲದೆ ಅದರ ಎಳೆ, ಬಯಕೆಯಿಂದ ಅದರ ಎಲ್ಲೆ. ಆದರೆ ಆರಿಸಿದ ಪದವನ್ನು ಅದು ಮತ್ತೆ ಬರುವ ಕಡೆ ಇಟ್ಟು ನೋಡದೆ ಒಪ್ಪಬಾರದು. 'ಮ್ಯಾವ್' ಕೊನೆಯ ಸಾಲಿನಲ್ಲಿ ಮತ್ತೆ ಬರುತ್ತದೆ, 'ಎಲ್ಲ ಎಳೆಗಳ ಬಾಗಿಲು' ಎಂದರೆ ಮಗ್ಗದ ಮನೆ ಕಣ್ಣಮುಂದೆ ಬರುತ್ತದೆ. 'ನವಿರು' ಎರಡೂ ಕಡೆ ಬಾಳುತ್ತದೆ. ಅದರಲ್ಲಿ ಕೂದಲೆಳೆಯ ಸಣ್ಣತನವಿದೆ, 'ನವಿರೆದ್ದಿತು' ಎನ್ನುವಾಗಿನ ಬೆರಗೂ ಇದೆ. 'ಜ್ಯಾವ್'ಗೆ ಗಡಿ, ಅಂಚು ಎಂಬ ಅರ್ಥ ಬಳಕೆಯ ಪಾಠಕ್ಕೆ ಹೊಂದುತ್ತದೆ. ರೇಷ್ಮೆ ಪ್ರತಿಯಲ್ಲಿ ಅದರ ಮುಂದೆ 'ಸ್ವೋ' ಎಂಬ ಪದವಿದೆ. 'ಸ್ವೋ' ಆದಮೇಲೆ ಬರುವುದು ಕ್ರಿಯೆಯೇ ಆಗಬೇಕು. ಹಾಗಾಗಿ ಆ ಪಾಠ ಹಿಡಿದರೆ ಅಂಚು ಬಿಟ್ಟು 'ಅದು ಅರಸುವುದನ್ನು' ಎಂದು ಬರೆಯಬೇಕಾಗುತ್ತದೆ.

ಇನ್ನು 'ಶ್ವೆನ್'. ಹಾನ್ ಕಾಲದ ನಿಘಂಟು ಇದನ್ನು 'ಮಬ್ಬಾದ ದೂರ. ಕೆಂಪಿರುವ ಕಪ್ಪು' ಎನ್ನುತ್ತದೆ. ಅಂದರೆ ಇದು ಮೊದಲು ಬಣ್ಣ, ಆಮೇಲೆ ತತ್ತ್ವ. 'ರಹಸ್ಯ' ಎಂದರೆ ಯಾರೋ ಬಚ್ಚಿಟ್ಟದ್ದು, ಕಂಡುಹಿಡಿದರೆ ಮುಗಿಯಿತು. ಶ್ವೆನ್ ಹಾಗಲ್ಲ, ಕಣ್ಣು ಹೋದಷ್ಟೂ ಹಿಂದೆ ಸರಿಯುವ ಆಳ. 'ಕತ್ತಲು' ಎನ್ನಲು ಹೋದರೆ 'ತಮಸೋ ಮಾ ಜ್ಯೋತಿರ್ಗಮಯ' ಕೇಳಿ ಬೆಳೆದ ಕಿವಿಗೆ ಅದು ಅಜ್ಞಾನ. 'ಕಾರಿರುಳು' ಎಂಬಲ್ಲಿ ಆ ದೋಷ ಕಡಿಮೆ. ಮಳೆಗಾಲದ ರಾತ್ರಿಯ ದಟ್ಟತನ, ತಂಪು ಅದಕ್ಕಿದೆ. 6ನೆಯ ಅಧ್ಯಾಯದ 'ಶ್ವೆನ್ ಹೆಣ್ಣು' ಎಂಬಲ್ಲಿಯೂ ಒಗ್ಗುತ್ತದೆ. 10ನೆಯ ಅಧ್ಯಾಯದ 'ಶ್ವೆನ್ ಗುಣ'ಕ್ಕೆ ಮಾತ್ರ ಒಗ್ಗುವುದಿಲ್ಲ, ಅಲ್ಲಿ ಬೇರೆ ಪದ ಬಳಸಿ ಟಿಪ್ಪಣಿ ಕೊಡಬೇಕು.

'ಶ್ವೆನ್‌ಗೂ ಶ್ವೆನ್' ಎಂಬ ಸಾಲು ಓದುವಾಗ ಋಗ್ವೇದದ ನಾಸದೀಯ ಸೂಕ್ತ ನೆನಪಾಗದೆ ಇರದು. 'ತಮ ಆಸೀತ್ ತಮಸಾ ಗೂಳ್ಹಮಗ್ರೇ', ಮೊದಲಲ್ಲಿ ಕತ್ತಲು ಕತ್ತಲಿನಿಂದ ಮುಚ್ಚಿತ್ತು. ಮರು ಋಕ್ಕಿನಲ್ಲೇ ಕಾಮವೂ ಹುಟ್ಟುತ್ತದೆ. ಹೋಲಿಕೆ ಮೈ ಜುಮ್ಮೆನ್ನಿಸುವಂಥದ್ದು, ಆದರೆ ಅದನ್ನು ಅನುವಾದದೊಳಗೆ ಬಿಟ್ಟುಕೊಳ್ಳಬಾರದು. ಅಲ್ಲಿ ಕಾಮ ಮನಸ್ಸಿನ ಮೊದಲ ಬೀಜ, ಸೃಷ್ಟಿಯ ಘಟನೆ. ಇಲ್ಲಿ ಬಯಕೆ ನೋಡುವವನ ನಿಲುವು.

ಏಳನೆಯ ಶತಮಾನದ ದಾವ್ ಪಂಡಿತ ಚಂಗ್ ಶ್ವೆನ್‌ಯಿಂಗ್ ಆ ಇಮ್ಮಡಿ ಶ್ವೆನ್‌ಗೆ ಕೊಟ್ಟ ಅರ್ಥ ನನಗೆ ಎಲ್ಲಕ್ಕಿಂತ ಸೂಕ್ಷ್ಮವಾಗಿ ಕಾಣುತ್ತದೆ. ಅವನಿಗೆ ಶ್ವೆನ್ ಎಂದರೆ ಅಂಟಿಕೊಳ್ಳದಿರುವುದು. ಬಯಕೆಯುಳ್ಳವನು ಉಂಟಿಗೆ ಅಂಟುತ್ತಾನೆ, ಬಯಕೆ ಬಿಟ್ಟವನು ಇಲ್ಲಕ್ಕೆ ಅಂಟುತ್ತಾನೆ. ಮೊದಲ ಶ್ವೆನ್ ಈ ಎರಡನ್ನೂ ಬಿಡಿಸುತ್ತದೆ. ಆಗ 'ನಾನು ಅಂಟಿಕೊಂಡಿಲ್ಲ' ಎಂಬುದಕ್ಕೇ ಅಂಟು ಶುರುವಾಗುತ್ತದೆ. ಎರಡನೆಯ ಶ್ವೆನ್ ಅದನ್ನೂ ಬಿಡಿಸುತ್ತದೆ. ರೋಗ ಹೋದಮೇಲೆ ಔಷಧಿಯನ್ನೂ ಬಿಡುವ ಹಾಗೆ. ಇದರ ಹಿಂದೆ ಬೌದ್ಧ ಚಿಂತಕ ನಾಗಾರ್ಜುನನ ಮಾಧ್ಯಮಿಕ (ನಡುದಾರಿಯ) ತರ್ಕದ ನೆರಳು ಸ್ಪಷ್ಟ.

ಇದೇ ಚಂಗ್ ಶ್ವೆನ್‌ಯಿಂಗ್ 647ರಲ್ಲಿ ಹ್ಯೂಯೆನ್ ತ್ಸಾಂಗ್‌ನ ಎದುರು ವಾದಕ್ಕೆ ಕೂತಿದ್ದ. ಇಮ್ಮಡಿ ಪುಲಕೇಶಿಯ ನಾಡನ್ನು ಕಂಡು ಬರೆದಿಟ್ಟ ಆ ಹ್ಯೂಯೆನ್ ತ್ಸಾಂಗ್‌ನೇ. ಕಾಮರೂಪದ ದೊರೆ ಭಾಸ್ಕರವರ್ಮ ಕೇಳಿದ್ದನೆಂದು, ಲಾವೋತ್ಸುವನ್ನು ಸಂಸ್ಕೃತಕ್ಕೆ ತರಲು ಟಾಂಗ್ ಚಕ್ರವರ್ತಿ ತಾಯ್‌ಜೋಂಗ್ ಅಪ್ಪಣೆ ಮಾಡಿದ್ದ. 'ದಾವ್' ಎಂಬುದಕ್ಕೆ 'ಬೋಧಿ' ಎನ್ನಿ ಎಂದರು ದಾವ್ ಪಂಡಿತರು. ಹಿಂದಿನ ಬೌದ್ಧ ಅನುವಾದಕರು ಬೋಧಿಗೆ ದಾವ್ ಎಂದೇ ಬಳಸಿದ್ದರಲ್ಲ! ಹ್ಯೂಯೆನ್ ತ್ಸಾಂಗ್ ಒಪ್ಪಲಿಲ್ಲ. ಬೋಧಿ ಎಂದರೆ ಎಚ್ಚರ, ದಾವ್ ಎಂದರೆ 'ಮಾರ್ಗ' ಎಂದು ಪಟ್ಟುಹಿಡಿದ. ಆ ಸಂಸ್ಕೃತ ಪಾಠ ನಮಗೆ ಉಳಿದಿಲ್ಲ, ವಾದ ಉಳಿದಿದೆ.

ಕನ್ನಡದಲ್ಲೂ ಅದೇ ಪ್ರಶ್ನೆ. 'ದಾವ್' ದಾರಿಯೂ ಹೌದು, 'ಹೇಳು' ಎಂಬ ಕ್ರಿಯೆಯೂ ಹೌದು. 'ಬಗೆಯಬಹುದಾದ ಬಗೆ ಸದಾ ಇರುವ ಬಗೆಯಲ್ಲ' ಎಂದರೆ ಆ ಆಟ ಕನ್ನಡದಲ್ಲೇ ಕುಣಿಯುತ್ತದೆ. ಆದರೆ 53ನೆಯ ಅಧ್ಯಾಯದಲ್ಲಿ ದೊಡ್ಡ ದಾವ್ ಸಮತಟ್ಟಾಗಿದೆ, ಜನಕ್ಕೆ ಅಡ್ಡದಾರಿ ಇಷ್ಟ ಎಂದು ಬರುತ್ತದೆ. ಅಲ್ಲಿ ನಡೆಯಲು ನೆಲ ಬೇಕು, ಬಗೆಯ ಮೇಲೆ ನಡೆಯಲಾಗದು. ಆದ್ದರಿಂದ ದಾರಿ.

ಬಳಕೆಯ ಪಾಠ, ವಾಂಗ್ ಬಿಯ ವಿರಾಮ ಹಿಡಿದು ಈ ಆಯ್ಕೆಗಳನ್ನು ಸೇರಿಸಿದರೆ:

ದಾರಿಯೆಂದು ಹೇಳಬಹುದಾದ ದಾರಿ ಸದಾ ಇರುವ ದಾರಿಯಲ್ಲ.
ಹೆಸರೆಂದು ಕರೆಯಬಹುದಾದ ಹೆಸರು ಸದಾ ಇರುವ ಹೆಸರಲ್ಲ.
ಹೆಸರಿಲ್ಲ: ಬಾನು ಬುವಿಗೆ ಮೊದಲು.
ಹೆಸರುಂಟು: ಎಲ್ಲ ವಸ್ತುಗಳ ತಾಯಿ.
ಅದಕ್ಕೇ, ಸದಾ ಬಯಕೆಯಿಲ್ಲದೆ ನೋಡುವುದು, ಅದರ ನವಿರನ್ನು;
ಸದಾ ಬಯಕೆಯಿದ್ದು ನೋಡುವುದು, ಅದರ ಅಂಚನ್ನು.
ಈ ಎರಡೂ ಒಟ್ಟಿಗೆ ಹೊರಟವು, ಹೆಸರು ಬೇರೆ.
ಒಟ್ಟಾಗಿ ಕರೆದರೆ ಕಾರಿರುಳು.
ಕಾರಿರುಳಿಗೂ ಕಾರಿರುಳು,
ಎಲ್ಲ ನವಿರುಗಳ ಬಾಗಿಲು.

ಇಲ್ಲಿ ಕಳೆದುಹೋದದ್ದು ಎರಡು. 'ದಾವ್'ನ ಶ್ಲೇಷೆ ಹೋಯಿತು. 'ಚೀ' ಎಂಬ ಸರ್ವನಾಮಕ್ಕೆ ವಚನವಿಲ್ಲ. ಅದು ದಾರಿಯ ನವಿರೋ, ವಸ್ತುಗಳೆಲ್ಲದರ ನವಿರೋ ಎಂದು ಮೂಲ ಬಾಯಿಬಿಡುವುದಿಲ್ಲ. 'ಅದರ' ಎಂದು ಬರೆದ ಕೂಡಲೇ ಕನ್ನಡ ದಾರಿಯ ಕಡೆ ವಾಲುತ್ತದೆ. 'ಅವುಗಳ' ಎಂದಿದ್ದರೆ ವಸ್ತುಗಳ ಕಡೆ ವಾಲುತ್ತಿತ್ತು.